ಕಿಲುಬಾಸುರನೂ ಮಿಂಚಿನ ಗಿಟಾರೂ

ಮೋಡಗಳು ಇನ್ನೂ ಕೈಗೆಟಕುವ ಎತ್ತರದಲ್ಲಿದ್ದ ಕಾಲ. ಆಗ ಸಿಡಿಲಾಪುರವೆಂಬ ರಾಜ್ಯದಲ್ಲಿ ಮಿಂಚನ್ನು ಹಿಡಿದು ಹಂಡೆಯಲ್ಲಿ ತುಂಬಿಡುತ್ತಿದ್ದರು. ಹಂಡೆಯಿಂದ ವೈರು ಎಳೆದು ಯುವರಾಜ ಓಬಳರಾಯನ ಗಿಟಾರಿಗೆ ಸಿಕ್ಕಿಸಿದರೆ ಸಾಕು, ಅದರ ನಾದಕ್ಕೆ ಏಳು ಊರಾಚೆಯ ಎಮ್ಮೆಗಳೂ ತಲೆದೂಗುತ್ತಿದ್ದವು. ಸುಳ್ಳಲ್ಲ, ನಾನೇ ಅಲ್ಲಿದ್ದೆ. ರಾಜ ಏನೇ ಮಾಡುವ ಮೊದಲು ನನ್ನ ಸಲಹೆ ಕೇಳುತ್ತಿದ್ದ. ಆಮೇಲೆ ಅದಕ್ಕೆ ತದ್ವಿರುದ್ಧ ಮಾಡುತ್ತಿದ್ದ, ಅದು ಬೇರೆ ಮಾತು.

ಯುವರಾಜ ನುಡಿಸುವುದರಲ್ಲಿ ಗಂಧರ್ವ, ಒರೆಸುವುದರಲ್ಲಿ ಸೋಮಾರಿ. ಬೋಂಡ ತಿಂದ ಕೈಯಲ್ಲೇ ನುಡಿಸುತ್ತಿದ್ದ, ಬೆವರಿನ ಸಮೇತ ಗೋಡೆಗೆ ನೇತುಹಾಕುತ್ತಿದ್ದ. ಆಯುಧಪೂಜೆ ಬಂತೆಂದರೆ ಅರಮನೆಯವರೆಲ್ಲ ಸೇರಿ ಗಿಟಾರಿಗೆ ಅರಿಸಿನ, ಕುಂಕುಮ, ಗಂಧ ಮೆತ್ತುತ್ತಿದ್ದರು. ಹೋದ ವರ್ಷದ್ದರ ಮೇಲೆ ಈ ವರ್ಷದ್ದು. ಒರೆಸಿದರೆ ಅಪಚಾರವಂತೆ! ಆ ಮಡ್ಡಿಯೊಳಗೆ ಕಿಲುಬಾಸುರನೆಂಬ ಮಾಯಾವಿ ಬಂದು ಮನೆ ಮಾಡಿದ.

ಅದು ಗೊತ್ತಾದದ್ದು ಯುವರಾಜನ ತಂಗಿ ಮಾಳವ್ವೆಗೆ ಮಾತ್ರ. ಆಯುಧಪೂಜೆಯ ಬೆಳಿಗ್ಗೆ ಅಣ್ಣ ಗಿಟಾರು ಎತ್ತಿಕೊಳ್ಳುತ್ತಿದ್ದ ಹಾಗೆ ಅವಳು ಓಡಿಬಂದು, "ಅಣ್ಣಾ, ಮೊದಲು ಕೈ..." ಎಂದಳು. ಅಷ್ಟರಲ್ಲಿ ಕಿಲುಬಾಸುರ ಉಫ್ ಎಂದು ಊದಿದ. ಬೆರಳು ತೋರಿಸುತ್ತ ನಿಂತಲ್ಲೇ ಮಾಳವ್ವೆ ಕಲ್ಲಾದಳು!

"ಹೊತ್ತು ಮುಳುಗುವುದರೊಳಗೆ ಈ ಗಿಟಾರಿನಿಂದ ಒಂದು ಶುದ್ಧ ಸ್ವರ ಹೊರಡಿಸು," ಎಂದು ಅಸುರ ಗಹಗಹಿಸಿದ. "ಇಲ್ಲವೋ, ಇವಳು ಎಂದೆಂದಿಗೂ ಕಲ್ಲು. ಆಳುಗಳು ಮುಟ್ಟುವಂತಿಲ್ಲ. ನೀನೇ ಮಾಡಬೇಕು."

"ಮಾಮಾ, ಒರೆಸೋದು ಹೇಗೆ?" ಎಂದು ಯುವರಾಜ ನನ್ನ ಕಡೆ ತಿರುಗಿದ, ಕಣ್ಣಲ್ಲಿ ನೀರು.

ನಾನು ತೊಟ್ಟಿದ್ದ ಹಳೇ ಬನೀನನ್ನೇ ಬಿಚ್ಚಿ ಕೊಟ್ಟೆ. ಮೂರು ಲೋಕದಲ್ಲೂ ಅಷ್ಟು ಮೆತ್ತನೆಯ ಬಟ್ಟೆ ಇರಲಿಲ್ಲ. ಮುಕ್ಕಾಲು ಭಾಗ ತೂತೇ ಆಗಿತ್ತು. "ಮೊದಲು ಮಿಂಚಿನ ವೈರು ಕಿತ್ತಿಡು," ಎಂದೆ. ಕಿತ್ತಿಟ್ಟ.

ಅವನು ಕೈ ಹಾಕಿದ್ದೇ ತಡ, ತುಕ್ಕು ಹಿಡಿದ ತಂತಿಗಳೆಲ್ಲ ಕಂದು ಹಾವುಗಳಾಗಿ ಬುಸ್ಸೆಂದವು. ಸೇನಾಪತಿ ಕತ್ತಿ ಹಿರಿದ.

"ತಡಿಯಯ್ಯಾ! ಬಿಗಿಯಾಗಿರುವಾಗ ಕತ್ತರಿಸಿದರೆ ಕಣ್ಣಿಗೇ ಹಾರುತ್ತವೆ!" ಎಂದು ನಾನು ಅವನ ಕೈ ಹಿಡಿದೆ.

ಯುವರಾಜ ತಂತಿ ಬಿಗಿಯುವ ಬಿರಡೆಗಳನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ. ಹಾವುಗಳು ಸಡಿಲಾಗಿ, ಸುರುಳಿ ಸುತ್ತಿಕೊಂಡು ನಿದ್ದೆಹೋದವು.

ಆಗ ಗಿಟಾರಿನ ಕತ್ತು ಮೊಸಳೆಯಾಗಿ ಬಾಯ್ದೆರೆಯಿತು. ಅದರ ಮೇಲಿನ ಲೋಹದ ಪಟ್ಟಿಗಳೆಲ್ಲ ಹಲ್ಲು, ಹಲ್ಲಿನ ಸಂದಿಯಲ್ಲೆಲ್ಲ ಬೋಂಡದ ಜಿಡ್ಡು.

"ಹುಣಸೆಹಣ್ಣು ಹಚ್ಚಿ ತಿಕ್ಕಿ ಒಂದು ಕೊಡ ನೀರು ಸುರಿಯೋ ಮಗಾ, ಫಳಫಳ ಅನ್ನುತ್ತೆ!" ಎಂದು ರಾಜಮಾತೆ ಕೊಡವನ್ನೇ ಎತ್ತಿದರು.

"ಅಯ್ಯೋ ತಾಯಿ, ಇದೇನು ತಪ್ಪಲೆಯೇ? ಮಿಂಚು ಓಡಾಡುವ ಹೊಟ್ಟೆಗೆ ನೀರು ಬಿದ್ದರೆ ಗಿಟಾರು ಬದುಕುತ್ತದೆಯೇ?" ಎಂದು ನಾನು ಕೊಡವನ್ನು ತಬ್ಬಿಕೊಂಡೆ. ಅರ್ಧ ಕೊಡ ನನ್ನ ಮೇಲೇ ಆಯಿತು.

ಯುವರಾಜ ಒಣ ಬ್ರಷ್ಷಿನಿಂದ ಹಲ್ಲುಜ್ಜಿದ, ಬಟ್ಟೆಗೆ ಒಂದೇ ಹನಿ ಎಣ್ಣೆ ಹಾಕಿ ಮರಕ್ಕೆ ಸವರಿದ. ಮೊಸಳೆ ಹಾಯಾಗಿ ಆಕಳಿಸಿ ಮತ್ತೆ ಮರವಾಯಿತು.

ಉಳಿದದ್ದು, ಸದ್ದು ಏರಿಸುವ ತಿರುಗುಗುಂಡಿಯೊಳಗೆ ಕರಕರ ಎನ್ನುತ್ತಿದ್ದ ಮಾಯಾಕಪ್ಪೆ. ಯುವರಾಜ ಗುಂಡಿಯನ್ನು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ತಿರುಗಿಸಿದ್ದೇ ತಿರುಗಿಸಿದ್ದು. ಕಪ್ಪೆಗೆ ತಲೆಸುತ್ತು ಬಂತು. ಧೂಳನ್ನೆಲ್ಲ ಕಾರಿಕೊಂಡು ಹೊರಗೆ ಹಾರಿತು.

ಇನ್ನು ಕುಂಕುಮದ ಮಡ್ಡಿ. ಯುವರಾಜ ಹಿಂಜರಿದ. "ದೇವರು ಮುನಿದರೆ?" ಎಂದು ಪುರೋಹಿತರು ಪಿಸುಗುಟ್ಟಿದರು. ಅವನು ಕಲ್ಲಾದ ತಂಗಿಯ ಮುಖ ನೋಡಿದ.

"ಹಚ್ಚಿದ ಕೈಯೇ ಒರೆಸುತ್ತದೆ ಸ್ವಾಮೀ," ಎಂದು ಒಂದೇ ಸಮನೆ ಒರೆಸಿದ.

ಕಿಲುಬಾಸುರ ಕಿರುಚಿಕೊಂಡು ಎದ್ದುಬಂದು ನನ್ನ ಬನೀನಿಗೆ ಅಂಟಿಕೊಂಡ. ಆ ವಾಸನೆಗೆ ಯಾವ ಅಸುರ ಬದುಕಿಯಾನು? ಅಲ್ಲೇ ಬೂದಿಯಾದ.

ಯುವರಾಜ ಹೊಸ ತಂತಿ ಬಿಗಿದು, ಶ್ರುತಿ ಮಾಡಿ, ವೈರು ಸಿಕ್ಕಿಸಿದ. ಸೂರ್ಯ ಗುಡ್ಡದಂಚಿಗೆ ಗಲ್ಲ ಊರಿ ಕಾಯುತ್ತಿದ್ದ. ಯುವರಾಜ ತಂತಿ ಮೀಟಿದ. ಠಂಯ್! ಜೇನಿನಂಥ ಸ್ವರ ಅರಮನೆ ತುಂಬಿತು. ಕಲ್ಲು ಬಿರುಕುಬಿಟ್ಟು ಉದುರಿತು.

"...ತೊಳ್ಕೋ!" ಎಂದಳು ಮಾಳವ್ವೆ.

ಆಮೇಲೆ ಅಣ್ಣನ ಕೈ ನೋಡಿದಳು. ತುಕ್ಕು, ಎಣ್ಣೆ, ಕುಂಕುಮ, ಮೊಣಕೈತನಕ ಮಸಿ. "ಥೂ! ಬೆಳಿಗ್ಗೆಗಿಂತ ಹೊಲಸಾಗಿದೆಯಲ್ಲೋ ಅಣ್ಣಾ!"

ಯುವರಾಜ ನಗುತ್ತ, ಅಳುತ್ತ ಬಚ್ಚಲಿಗೆ ಓಡಿದ. ತೊಳೆದ ಕೈಯಲ್ಲಿ ಅವನು ನುಡಿಸಿದ, ಮಾಳವ್ವೆ ಕುಣಿದಳು, ಕಪ್ಪೆ ತಾಳ ಹಾಕಿತು.

ಅಂದಿನಿಂದ ಸಿಡಿಲಾಪುರದವರು ಮೊದಲು ಒರೆಸಿ, ಆಮೇಲೆ ಕುಂಕುಮ ಇಟ್ಟು, ಸುಖವಾಗಿದ್ದಾರೆ. ಬನೀನನ್ನು ರಾಜ ಚಿನ್ನದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ನಾನೂ ಸುಖವಾಗಿದ್ದೇನೆ, ಬನೀನಿಲ್ಲದೆ.