ನೊರೆಯ ಮೀಸೆ

“ಹಾಲು ಕಾಯಿಸಿ ಕುಡೀತೀರಾ?” ಡಾಕ್ಟರ್ ವಾಣಿಶ್ರೀ ಕೇಳಿದರು.

“ಕಾಯಿಸ್ದೆ ಯಾರ್ ಕುಡಿತಾರ್ರಿ?” ಎಂದಳು ಅಜ್ಜಿ ಮೈಲಮ್ಮ.

ಕೀರ್ತನಾ ಅಜ್ಜನ ಮುಖ ನೋಡಿದಳು. ಅಜ್ಜ ಓಬಯ್ಯ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಕನ್ನಡಕವಿಲ್ಲದೆ ಅವನಿಗೆ ಕ್ಯಾಲೆಂಡರ್ ಕಾಣುವುದೇ ಇಲ್ಲ!

ಅಜ್ಜನಿಗೆ ಎಷ್ಟೋ ದಿನದಿಂದ ಹೊಟ್ಟೆನೋವು. ಸಂಜೆಯಾದರೆ ಜ್ವರ. ಅಂಗಿ ಮೈಮೇಲೆ ಜೋಲುವಷ್ಟು ಸೊರಗಿದ್ದ. ಭಾನುವಳ್ಳಿಯಿಂದ ಅವನನ್ನು ದಾವಣಗೆರೆಯ ಆಸ್ಪತ್ರೆಗೆ ಕರೆತರುವಾಗ, ರಜೆಯಲ್ಲಿದ್ದ ಕೀರ್ತನಾಳೂ ತನ್ನೂರು ಹರಿಹರದಲ್ಲಿ ಅದೇ ಬಸ್ ಹತ್ತಿದ್ದಳು. ಸ್ಕ್ಯಾನ್, ಟೆಸ್ಟ್ ಎಲ್ಲ ಆಗಿ ಈಗ ಗೊತ್ತಾಗಿತ್ತು: ಹೊಟ್ಟೆಯ ಟಿಬಿ. ಟಿಬಿ ಅಂದರೆ ಕೆಮ್ಮು ಅಂತಷ್ಟೇ ಅವಳು ತಿಳಿದಿದ್ದಳು.

ಡಾಕ್ಟರ್ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಪಿತ್ತ ಹರಿಯುವ ಸಣ್ಣ ನಾಳ, ಪಕ್ಕದಲ್ಲೇ ಕರುಳು. ಟಿಬಿಯ ಹುಣ್ಣು ಕೊರೆದು ಕೊರೆದು ಅವೆರಡರ ನಡುವೆ ಇರಬಾರದ ಒಂದು ದಾರಿ ಆಗಿಬಿಟ್ಟಿತ್ತು.

“ಗದ್ದೆ ಬದುವಿಗೆ ಏಡಿ ತೂತು ಹಾಕ್ದಂಗೆ ಅನ್ರಿ” ಎಂದ ಅಜ್ಜ.

ಡಾಕ್ಟರ್ ನಕ್ಕು ಹೌದೆಂದರು. ತಿಂಗಳುಗಟ್ಟಲೆ ಮಾತ್ರೆ ತಪ್ಪಿಸಬಾರದು, ತೂತು ಮುಚ್ಚಬಹುದು, ಮುಚ್ಚದಿದ್ದರೆ ಆಪರೇಷನ್ ಎಂದರು. ಹಸುವಿಗೆ ಈ ರೋಗವಿದ್ದರೆ ಕಾಯಿಸದ ಹಾಲಿನಿಂದಲೂ ಬರಬಹುದು, ಅದಕ್ಕೇ ಕೇಳಿದ್ದು ಎಂದರು.

ಅಜ್ಜಿ ಹೇಳಿದ್ದು ಸುಳ್ಳಲ್ಲ. ಮನೆಯೊಳಗೆ ಬಂದ ಹಾಲು ಒಲೆಗೆ ಹೋಗದೆ ಲೋಟಕ್ಕೆ ಬರುತ್ತಲೇ ಇರಲಿಲ್ಲ. ಆದರೆ ಕೊಟ್ಟಿಗೆಯ ಸಮಾಚಾರ ಅಜ್ಜಿಗೆ ಗೊತ್ತಿಲ್ಲ.

ಕೀರ್ತನಾ ರಜೆಗೆ ಹೋದಾಗಲೆಲ್ಲ, ಅಜ್ಜಿ ಏಳುವ ಮೊದಲೇ ಅಜ್ಜ, ಮೊಮ್ಮಗಳು ಹಸು ಕೆಂದಿಯ ಹತ್ತಿರ ಹೋಗುತ್ತಿದ್ದರು. ಅಜ್ಜ ಹಿತ್ತಾಳೆ ಲೋಟಕ್ಕೇ ನೇರವಾಗಿ ಹಾಲು ಕರೆಯುತ್ತಿದ್ದ. ಬೆಚ್ಚಗಿನ ನೊರೆಹಾಲು! ಲೋಟ ಇಳಿಸಿದರೆ ಕೀರ್ತನಾಳ ತುಟಿಯ ಮೇಲೆ ಬಿಳಿ ಮೀಸೆ. “ನನಗಿಂತ ದೊಡ್ಡ ಮೀಸೆ ಬಂತಲ್ಲೇ ನಿಂಗೆ” ಎಂದು ಅಜ್ಜ ಟವೆಲಿನ ತುದಿಯಿಂದ ಒರೆಸುತ್ತಿದ್ದ. ಒಳಗೆ ಹೇಳಬ್ಯಾಡ ಎಂದು ಕಣ್ಣು ಮಿಟುಕಿಸುತ್ತಿದ್ದ. ಹರಿಹರದಲ್ಲಿ ಪ್ಯಾಕೆಟ್ ಹಾಲು ಕುಡಿಯುವಾಗೆಲ್ಲ ಅವಳಿಗೆ ಅದೇ ನೆನಪು.

ಹೇಳಿದರೆ ಅದೆಲ್ಲ ಮುಗಿಯಿತು. ಹೇಳದಿದ್ದರೆ ಅಜ್ಜ ನಾಳೆಯೇ ಲೋಟ ಹಿಡಿದು ಹೋಗುತ್ತಾನೆ.

“ಅಜ್ಜ ಕೊಟ್ಟಿಗೇಲಿ ನೊರೆಹಾಲು ಕುಡೀತಾನೆ” ಎಂದಳು. “ನಂಗೂ ಕೊಡ್ತಾನೆ.”

ಅಜ್ಜಿ ಸರಕ್ಕನೆ ಅಜ್ಜನ ಕಡೆ ತಿರುಗಿದಳು. ಅದರಿಂದಲೇ ರೋಗ ಬಂತೆಂದು ಹೇಳಲಾಗದು, ಆದರೆ ಇನ್ನು ಬೇಡವೇ ಬೇಡ ಎಂದರು ಡಾಕ್ಟರ್. ಕೀರ್ತನಾಳಿಗೂ ಟೆಸ್ಟ್ ಬರೆದರು, ಕೆಂದಿಯನ್ನು ದನದ ಡಾಕ್ಟರಿಗೆ ತೋರಿಸಲು ಹೇಳಿದರು.

ಬಸ್ಸಿನಲ್ಲಿ ಅಜ್ಜ ಕಿಟಕಿಯ ಕಡೆ ತಿರುಗಿ ಕೂತ. ಬೈದಿದ್ದರೂ ವಾಸಿಯಿತ್ತು. ಹರಿಹರ ಬಂದಾಗ ಮೆಲ್ಲಗೆ ಹೇಳಿದ: “ನಮ್ಮಪ್ಪ ನಂಗೆ ಹಂಗೇ ಕೊಡ್ತಿದ್ದ ಕಣವ್ವ. ನಿಂಗೇನಾರ ಆಗಿದ್ರೆ...”

ಕೀರ್ತನಾಳ ಟೆಸ್ಟಿನಲ್ಲಿ ಏನೂ ಇರಲಿಲ್ಲ. ಮುಂದಿನ ರಜೆಗೆ ಭಾನುವಳ್ಳಿಗೆ ಹೋದಾಗ ಅಜ್ಜನ ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು. ಬೆಳಿಗ್ಗೆ ಅವನು ಕೊಟ್ಟಿಗೆಗೆ ಕರೆಯಲಿಲ್ಲ, ಅಡುಗೆಮನೆಗೆ ಕರೆದ. ಹಾಲು ಉಕ್ಕಿ ಬರುವವರೆಗೆ ಇಬ್ಬರೂ ಒಲೆಯ ಮುಂದೆ ನಿಂತರು. ಆಮೇಲೆ ಅಜ್ಜ ಎರಡು ಹಿತ್ತಾಳೆ ಲೋಟ ಹಿಡಿದು, ಕೈ ಮೇಲೆತ್ತಿ ಒಂದರಿಂದ ಇನ್ನೊಂದಕ್ಕೆ ಸುರಿದ. ಮತ್ತೆ ಸುರಿದ. ಗುರಿ ತಪ್ಪಿ ಅರ್ಧ ಹಾಲು ನೆಲಕ್ಕೆ ಹೋಯಿತು, ಅಜ್ಜಿ ಗೊಣಗಿದಳು.

ಲೋಟದ ತುಂಬ ನೊರೆ ಬಂತು.

ಕೀರ್ತನಾ ಕುಡಿದಳು. ಕೊಟ್ಟಿಗೆಯ ಆ ಹಾಲಿನ ರುಚಿ ಇದಕ್ಕಿರಲಿಲ್ಲ. ಅದನ್ನು ಅವಳು ಹೇಳಲಿಲ್ಲ. ತುಟಿಯ ಮೇಲಿನ ನೊರೆಯನ್ನೂ ಒರೆಸಿಕೊಳ್ಳಲಿಲ್ಲ. ಮುಖ ಮೇಲೆತ್ತಿ, ಅಜ್ಜ ಹೆಗಲ ಮೇಲಿನ ಟವೆಲ್ ತೆಗೆಯುವವರೆಗೆ ಹಾಗೇ ಕಾದಳು.