ಕೊನೆಯ ಉತ್ತರ ಹಸಿರು

ಡಬ್ಬಿ ವಾಲಿತು.

ಬಲಕ್ಕೆ... ಎಡಕ್ಕೆ... ಮತ್ತೆ ಬಲಕ್ಕೆ.

ಕೆಳಗೆ ಮುನ್ನೂರು ಅಡಿ, ಬರೀ ಬಂಡೆ. ಮೇಲೆ ನನ್ನ ಹೆಬ್ಬೆರಳಿಗಿಂತ ಕೊಂಚ ದಪ್ಪದ ಉಕ್ಕಿನ ಹಗ್ಗ. ನೀವು ಯಾವತ್ತಾದರೂ ರೋಪ್‌ವೇ ಹತ್ತಿದ್ದೀರಾ ಸಾರ್? ಇಲ್ಲದಿದ್ದರೆ ಒಳ್ಳೆಯದೇ ಆಯಿತು ಬಿಡಿ.

ಒಳಗೆ ನಾವು ಮೂರೇ ಜನ. ನಾನು, ರೋಪ್‌ವೇ ಕಂಪನಿಯ ಮ್ಯಾನೇಜರ್, ಅವನ ಜೊತೆಗಿರುವ ಸೆಕ್ಯೂರಿಟಿ ದಡಿಯ. ನಮ್ಮ ಹಿಂದೆ ಇನ್ನೂ ಮೂರು ಡಬ್ಬಿ. ಅವುಗಳಲ್ಲಿ ಟಿಕೆಟ್ ಕೊಂಡು ಹತ್ತಿದ ಜನ. ಒಬ್ಬ ಅಜ್ಜಿ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡದ್ದನ್ನು ನಾನೇ ನೋಡಿದ್ದೆ.

"ಗಾಳಿ ಜಾಸ್ತಿ ಆಯ್ತಲ್ಲ," ಅಂದೆ.

"ಜಾಸ್ತಿ ಆಗಿದ್ರೆ ಕೆಳಗೆ ಸ್ಕ್ರೀನ್ ಕೆಂಪಾಗಿರೋದು," ಅಂದ ಮ್ಯಾನೇಜರ್. "ಹಸಿರಿದೆ. ಎಲ್ಲ ಸರಿಯಿದೆ ಅಂತ ನಿನ್ನೆ ನೀವೇ ಹೇಳಿದ್ರಲ್ಲ?"

ಹೌದು. ನಾನೇ ಹೇಳಿದ್ದೆ.

ಸುಳ್ಳು ಹೇಳಿದ್ದೆ.

ಜೇಬಿನಿಂದ ಫೋನ್ ತೆಗೆದೆ. ಗಾಳಿಯನ್ನು ಅಳೆಯುವ ಪ್ರೋಗ್ರಾಂ ಪ್ರತಿ ಸೆಕೆಂಡಿಗೂ ಒಂದು ಸಾಲು ಬರೆದಿಡುತ್ತದೆ, ಅದನ್ನು ನನ್ನ ಫೋನಿನಲ್ಲೇ ನೋಡಬಹುದು. ಅದರ ಕೊನೆಯ ಸಾಲು ಹನ್ನೊಂದು ನಲವತ್ತೆರಡಕ್ಕೆ. ಆಗ ಟೈಮ್ ಹನ್ನೊಂದು ಐವತ್ತೊಂದು. ಒಂಬತ್ತು ನಿಮಿಷದಿಂದ ಗಾಳಿಯನ್ನು ಯಾರೂ ನೋಡುತ್ತಿರಲಿಲ್ಲ!

ಎದುರಿಗೆ ನಾಲ್ಕನೇ ಟವರ್ ಹತ್ತಿರವಾಗುತ್ತಿತ್ತು. ಅದನ್ನು ಮುಟ್ಟಲು ಹೆಚ್ಚೆಂದರೆ ಎರಡು ನಿಮಿಷ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ ಸಾರ್. ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ನನ್ನ ಲೈನಿನಲ್ಲಿ ನನ್ನನ್ನು 'ಬೆಸುಗೆ' ಅಂತ ಕರೆಯುತ್ತಾರೆ. ಒಂದಕ್ಕೊಂದು ಕೂಡದ ಎರಡು ಪ್ರೋಗ್ರಾಂಗಳನ್ನು ಕೂಡಿಸುವುದು ನನ್ನ ಕಸುಬು. ಈ ರೋಪ್‌ವೇಯಲ್ಲಿ ಆಪರೇಟರ್ ನೋಡುವ ಸ್ಕ್ರೀನ್ ಪಿಎಚ್‌ಪಿ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿದೆ. ಗಾಳಿಯ ವೇಗ ಅಳೆದು, ಹಗ್ಗ ಓಡಬಹುದೋ ಇಲ್ಲವೋ ಅಂತ ಹೇಳುವ ಪ್ರೋಗ್ರಾಂ ಜಾವಾ ಅನ್ನುವ ಇನ್ನೊಂದು ಭಾಷೆಯಲ್ಲಿದೆ. ಎರಡನ್ನೂ ಬೇರೆ ಬೇರೆಯವರು ಬರೆದದ್ದು. ಇದರ ಮಾತು ಅದಕ್ಕೆ ತಿಳಿಯದು. ನಾಲ್ಕು ವರ್ಷದ ಹಿಂದೆ ನನ್ನನ್ನು ಕರೆಸಿದರು. ನಾನು ನಡುವೆ ಒಂದು ಸೇತುವೆ ಹಾಕಿದೆ. ಪಿಎಚ್‌ಪಿ ಸೆಕೆಂಡಿಗೊಮ್ಮೆ ಬಾಗಿಲು ತಟ್ಟಿ ಕೇಳುತ್ತದೆ, ಗಾಳಿ ಹೇಗಿದೆ? ಜಾವಾ ಒಳಗಿನಿಂದ ಹೇಳುತ್ತದೆ, ಹಸಿರು. ಅಥವಾ ಕೆಂಪು. ಇಷ್ಟೇ ಸಂಸಾರ.

ಡೆಮೋ ದಿನ ಎಡವಟ್ಟಾಯಿತು.

ಜಾವಾಗೆ ಒಂದು ಚಾಳಿ. ಆಗಾಗ ಕೆಲಸ ನಿಲ್ಲಿಸಿ ತನ್ನ ಕಸ ತಾನೇ ಗುಡಿಸಿಕೊಳ್ಳುತ್ತದೆ. ಆ ಮೂರು ಸೆಕೆಂಡು ಕೂಗಿದರೂ ಓಗೊಡುವುದಿಲ್ಲ. ಉತ್ತರ ಬರದಿದ್ದರೆ ಸ್ಕ್ರೀನ್ ಕೆಂಪು, ಕೆಂಪು ಕಂಡರೆ ಆಪರೇಟರ್ ಹಗ್ಗ ನಿಲ್ಲಿಸಲೇಬೇಕು. ಡೈರೆಕ್ಟರುಗಳೆಲ್ಲ ಸಾಲಾಗಿ ನಿಂತಿದ್ದಾಗಲೇ ಮೂರು ಸಲ ನಿಂತಿತು. ಮ್ಯಾನೇಜರ್ ಹಲ್ಲು ಕಡಿಯುತ್ತಿದ್ದ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ... ನಾನು ಮೂಲೆಯಲ್ಲಿ ಕೂತು ಒಂದು ಸಾಲು ಸೇರಿಸಿದೆ.

ಜಾವಾ ಉತ್ತರ ಕೊಡದಿದ್ದರೆ ಅದರ ಕೊನೆಯ ಉತ್ತರವನ್ನೇ ತೋರಿಸು.

ಎಷ್ಟು ಹೊತ್ತು ಅಂತ ಬರೆಯಲಿಲ್ಲ. ಐದು ಸೆಕೆಂಡು ಅಂತ ಬರೆದಿದ್ದರೆ ಸಾಕಾಗಿತ್ತು. ಆ ಸಾಲಿನ ಮೇಲೆ ಒಂದು ಟಿಪ್ಪಣಿ ಬೇರೆ ಹಾಕಿದ್ದೆ. "ತಾತ್ಕಾಲಿಕ. ನಾಳೆ ತೆಗೆಯಬೇಕು. ಬೆಸುಗೆ." ಡೆಮೋ ಗೆದ್ದಿತು, ಎಲ್ಲರೂ ಬೆನ್ನು ತಟ್ಟಿದರು, ನಾನು ಇನ್ನೊಂದು ಊರಿನ ಇನ್ನೊಂದು ಕೆಲಸಕ್ಕೆ ಹೊರಟೆ. ಆ ನಾಳೆ ಬರಲೇ ಇಲ್ಲ.

ಹತ್ತು ದಿನದ ಹಿಂದೆ ಏನಾಯಿತು ಅಂತ ನಿಮಗೇ ಗೊತ್ತು. ಬಿರುಗಾಳಿಯಲ್ಲಿ ಒಂದು ಡಬ್ಬಿ ಟವರಿಗೆ ಬಡಿಯಿತು. ಡ್ರಾಯಿಂಗ್ ಟೀಚರ್ ಒಬ್ಬರ ಬಲಗೈ ಜಜ್ಜಿಹೋಯಿತು. ಕೆಂಪು ಬಂದರೂ ಆಪರೇಟರ್ ಗಮನಿಸಲಿಲ್ಲ ಅಂತ ಕಂಪನಿ ಹೇಳಿತು. ಇಪ್ಪತ್ತಾರು ವರ್ಷ ಸರ್ವೀಸಾದ ಮನುಷ್ಯ. ನೀವೇ ಅವರನ್ನು ಎರಡು ಸಲ ಸ್ಟೇಷನ್ನಿಗೆ ಕರೆಸಿದಿರಿ. "ನಾನು ನೋಡಿದಾಗ ಹಸಿರಿತ್ತು" ಅನ್ನುವುದು ಬಿಟ್ಟು ಅವರು ಬೇರೇನೂ ಹೇಳಲಿಲ್ಲ, ಅಲ್ಲವೇ?

ಸಿಸ್ಟಂ ಚೆಕ್ ಮಾಡಲು ಕಂಪನಿ ಕರೆಸಿದ್ದು ನನ್ನನ್ನೇ. ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಫೈಲ್ ತೆರೆದೆ. ಕೆಳಗಿಳಿಯುತ್ತ ಹೋದೆ.

"ನಾಳೆ ತೆಗೆಯಬೇಕು. ಬೆಸುಗೆ."

ಅಪಘಾತದ ದಿನ ಜಾವಾ ಹತ್ತೊಂಬತ್ತು ನಿಮಿಷ ಸತ್ತು ಬಿದ್ದಿತ್ತು. ಸ್ಕ್ರೀನ್ ಹತ್ತೊಂಬತ್ತು ನಿಮಿಷವೂ ಹಸಿರು ತೋರಿಸಿತ್ತು.

ಲ್ಯಾಪ್‌ಟಾಪ್ ಮುಚ್ಚಿದೆ. ನನ್ನ ಲೈನಿನಲ್ಲಿ ಹೆಸರು ಕೆಟ್ಟರೆ ಮುಗಿಯಿತು, ಆಮೇಲೆ ಯಾರೂ ಹತ್ತಿರ ಸೇರಿಸುವುದಿಲ್ಲ. ಒಂದು ದಿನ ಯೋಚಿಸೋಣ ಅಂದುಕೊಂಡೆ. ಹೊರಗೆ ಬಂದರೆ ಆಫೀಸಿನ ಬೆಂಚಿನ ಮೇಲೆ ಆಪರೇಟರ್ ಕೂತಿದ್ದಾರೆ! ನನ್ನನ್ನು ಕಂಡು ಎದ್ದು ನಿಂತರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಸಾರ್, ಎದ್ದು ನಿಂತರು.

"ಏನಾದ್ರೂ ಸಿಕ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡೆ.

"ಇಲ್ಲ. ಎಲ್ಲ ಸರಿಯಿದೆ."

"ಹಾಗಾದ್ರೆ ತಪ್ಪು ನಂದೇ ಇರ್ಬೇಕು," ಅಂದರು. "ಪಾಪ, ದೂರದಿಂದ ಬಂದು ನೋಡಿದ್ರಿ. ಉಪಕಾರ ಆಯ್ತು."

ಉಪಕಾರ! ನಾನು ಮೆಟ್ಟಿಲಿಳಿದು ಬೇಗಬೇಗ ನಡೆದುಬಿಟ್ಟೆ. ನನ್ನ ಮಾತನ್ನೇ ಹಿಡಿದುಕೊಂಡು ಕಂಪನಿ ಇವತ್ತು ಬೆಳಿಗ್ಗೆ ಮತ್ತೆ ಹಗ್ಗ ಓಡಿಸಿತು. "ಮೊದಲ ಡಬ್ಬೀಲಿ ನೀವೇ ಬನ್ನಿ, ಜನಕ್ಕೆ ಧೈರ್ಯ ಬರುತ್ತೆ" ಅಂತ ಮ್ಯಾನೇಜರ್ ಕೈ ಹಿಡಿದು ಹತ್ತಿಸಿಕೊಂಡ. ಬೇಡ ಅನ್ನಲು ಕಾರಣ ಹೇಳಬೇಕಿತ್ತು. ಹತ್ತಿದೆ.

ಈಗ ಡಬ್ಬಿಗೆ ಬನ್ನಿ.

ಕಂಟ್ರೋಲ್ ರೂಮಿಗೆ ಫೋನ್ ಹಚ್ಚಿದೆ. ಎತ್ತಿದ್ದು ಆಪರೇಟರ್ ಮಗಳು. ಅಪ್ಪನ ಕೈಕೆಳಗೆ ಎರಡು ವರ್ಷ ಕೆಲಸ ಕಲಿತವಳು. ಅಪ್ಪ ಸಸ್ಪೆಂಡ್ ಆದಮೇಲೆ ಆ ಕುರ್ಚಿಯಲ್ಲಿ ಅವಳೇ.

"ತಂಗಿ, ನಾನು ಬೆಸುಗೆ. ಹಗ್ಗ ನಿಲ್ಸಮ್ಮ. ಈಗ್ಲೇ."

"ಹಸಿರಿದೆ ಸಾರ್."

"ಇರ್ಲಿ. ನಿಲ್ಸು."

"ಹಸಿರಿದ್ದಾಗ ನಿಲ್ಸಿದ್ರೆ ಬುಕ್ಕಲ್ಲಿ ಕಾರಣ ಬರೀಬೇಕು. ಅಪ್ಪಂದು ಆದ್ಮೇಲೆ ಎಲ್ರ ಕಣ್ಣೂ ನನ್ ಮೇಲೇ. ಕಾರಣ ಹೇಳಿ."

ಟವರ್ ಇನ್ನೂ ಹತ್ತಿರ. ಮ್ಯಾನೇಜರ್ ನನ್ನ ಮುಖವನ್ನೇ ನೋಡುತ್ತಿದ್ದ.

"ಆ ಹಸಿರು ಸುಳ್ಳು," ಅಂದೆ. "ಜಾವಾ ಸತ್ತಿದೆ. ಸ್ಕ್ರೀನು ಹಳೇ ಉತ್ತರಾನೇ ತೋರಿಸ್ತಿದೆ."

"ಯಾರ್ ಹೇಳಿದ್ದು?"

"ಹಾಗೆ ಬರೆದೋನು ನಾನೇ."

ಈ ಕಡೆ ಮ್ಯಾನೇಜರ್ ಎದ್ದೇಬಿಟ್ಟ.

"ಏಯ್, ಏನ್ ಮಾತಾಡ್ತಿದ್ದೀಯ? ಕೆಳಗೆ ಪೇಪರಿನವರಿದ್ದಾರೆ! ಕಿತ್ಕೊಳ್ಳೋ ಫೋನು!"

ದಡಿಯ ನನ್ನ ಕಾಲರ್ ಹಿಡಿದು ಗಾಜಿಗೆ ಒತ್ತಿದ. ಕೆನ್ನೆಗೆ ಗಾಜು ತಣ್ಣಗೆ ತಾಗಿತು. ಅದರಾಚೆ ಮುನ್ನೂರು ಅಡಿ. ನಾನು ಫೋನನ್ನು ಎರಡೂ ಕೈಯಲ್ಲಿ ಅವುಚಿಕೊಂಡೆ.

"ಆ ದಿನವೂ ಹೀಗೇನಾ?" ಫೋನಿನಲ್ಲಿ ಅವಳ ದನಿ ಸಣ್ಣದಾಗಿತ್ತು.

"ಹೀಗೇ."

"ಅಪ್ಪ ನಿನ್ನೆ ಸಂಜೆ ಕಣ್ಣಾಸ್ಪತ್ರೆಗೆ ಹೋಗಿದ್ರು. ಹಸಿರು, ಕೆಂಪು ಸರಿಯಾಗಿ ಕಾಣುತ್ತಾ ಅಂತ ಟೆಸ್ಟ್ ಮಾಡಿಸೋಕೆ. ನೀವು ಎಲ್ಲ ಸರಿಯಿದೆ ಅಂದಿದ್ರಲ್ಲ, ಅದಕ್ಕೆ. ನಿಮ್ಗೆ ನಿನ್ನೆನೇ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

ಮ್ಯಾನೇಜರ್ ಫೋನಿಗೆ ಕೈ ಹಾಕಿದ. "ಬಾಯಿ ಬಿಟ್ರೆ ಮೊದ್ಲು ಮುಳುಗೋನು ನೀನೇ, ತಿಳ್ಕೋ!"

ಅಷ್ಟರಲ್ಲಿ ಕಾಲರಿನ ಬಿಗಿ ಸಡಿಲವಾಯಿತು. ದಡಿಯ ಕೈ ಬಿಟ್ಟಿದ್ದ. ಕಿಟಕಿಯಾಚೆ ಟವರನ್ನೊಮ್ಮೆ ನೋಡಿ ಮ್ಯಾನೇಜರನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಸಾರ್, ನಾನೂ ಇದೇ ಡಬ್ಬೀಲಿದ್ದೀನಲ್ಲ."

"ನಿಲ್ಸು ತಂಗಿ!" ಅಂದೆ. "ಕಾರಣ ಅಂತ ನನ್ನ ಹೆಸರು ಬರ್ಕೋ."

ಹಗ್ಗ ಒಮ್ಮೆ ಜಗ್ಗಿ ನಿಂತಿತು. ನಾವು ಮೂವರೂ ನೆಲಕ್ಕೆ ಬಿದ್ದೆವು. ಮರುಕ್ಷಣವೇ ಗಾಳಿ ಬಂತು. ಡಬ್ಬಿ ಅಡ್ಡಕ್ಕೆ ತೂಗಿ ಟವರಿನ ಕಬ್ಬಿಣದ ತೋಳಿನ ಕಡೆ ಹೋಯಿತು, ಮೂರು ಗಜ ಇದೆ ಅನ್ನುವಾಗ ಹಿಂದಕ್ಕೆ ಬಂತು. ಇನ್ನು ಹತ್ತು ಸೆಕೆಂಡು ಓಡಿದ್ದರೆ ಆ ತೋಳು ನಮ್ಮ ಗಾಜಿನೊಳಗೆ ಇರುತ್ತಿತ್ತು.

ಎರಡು ಗಂಟೆ ನೇತಾಡಿದೆವು ಸಾರ್. ದಡಿಯ ಎರಡು ಸಲ ವಾಂತಿ ಮಾಡಿಕೊಂಡ. ನನ್ನ ಕಣ್ಣೆಲ್ಲ ಹಿಂದಿನ ಡಬ್ಬಿಯ ಮೇಲೆ. ಅಜ್ಜಿ ಮೊಮ್ಮಗಳ ಮುಖವನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದರು. ನಿನ್ನೆ ಒಂದು ಮಾತು ಆಡಿದ್ದರೆ ಆ ಮಗು ಈಗ ಮನೆಯಲ್ಲಿ ಆಟವಾಡುತ್ತಿರುತ್ತಿತ್ತು. ಅದನ್ನೇ ಯೋಚಿಸುತ್ತಿದ್ದೆ. ಅದೊಂದನ್ನೇ.

ಗಾಳಿ ಇಳಿದ ಮೇಲೆ ಹಗ್ಗ ಹಿಂದಕ್ಕೆ ಸರಿಯಿತು. ಆಮೆ ನಡಿಗೆ. ಗಾಳಿ ಎದ್ದರೆ ನಿಲ್ಲುತ್ತದೆ, ತಗ್ಗಿದರೆ ಸರಿಯುತ್ತದೆ. ಯಾವ ಪ್ರೋಗ್ರಾಮೂ ಅಲ್ಲ, ಸ್ಪೇರ್ ಡೀಸೆಲ್ ಇಂಜಿನನ್ನು ಯಾರೋ ಕೈಯಲ್ಲೇ ಓಡಿಸುತ್ತಿದ್ದರು. ಅದನ್ನು ಹಾಗೆ ಓಡಿಸಬಲ್ಲವರು ಕಂಪನಿಯಲ್ಲಿ ಒಬ್ಬರೇ. ಮಗಳು ಅವರನ್ನು ಮನೆಯಿಂದ ಕರೆಸಿದ್ದಳು.

ಮೊದಲು ಆ ಮೂರು ಡಬ್ಬಿ ಇಳಿದವು. ಕೊನೆಗೆ ನಮ್ಮದು. ಪ್ಲಾಟ್‌ಫಾರ್ಮಿನಲ್ಲಿ ಆಪರೇಟರ್ ಡೀಸೆಲ್ ಮೆತ್ತಿದ ಕೈ ಒರೆಸಿಕೊಳ್ಳುತ್ತಿದ್ದರು. ಮ್ಯಾನೇಜರ್ ತಲೆ ತಗ್ಗಿಸಿಕೊಂಡು ಪಕ್ಕದಿಂದ ಜಾರಿಕೊಂಡ. ನಾನು ಹೋಗಿ ಅವರೆದುರು ನಿಂತೆ. ಹೊಡೆಯಲಿ ಅಂತಲೇ ನಿಂತೆ.

"ಆವತ್ತು ಹಸಿರೇ ಇತ್ತಾ?" ಅಂದರು.

"ಹಸಿರೇ ಇತ್ತು."

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಭುಜ ಅಲುಗಾಡುತ್ತಿತ್ತು. ಮಗಳು ಬಂದು ಅವರ ಬೆನ್ನ ಮೇಲೆ ಕೈಯಿಟ್ಟಳು. ಇನ್ನೊಂದು ಕೈಯಲ್ಲಿ ಬುಕ್ಕು. ನನ್ನ ಮುಖ ನೋಡದೆ ಅದನ್ನು ಚಾಚಿದಳು. ಸಹಿ ಹಾಕಿದೆ. ಅಲ್ಲಿಂದ ನೆಟ್ಟಗೆ ನಿಮ್ಮ ಸ್ಟೇಷನ್ನಿಗೆ ಬಂದೆ.

ಮಾಡಿದ್ದುಣ್ಣೋ ಮಹರಾಯ ಅಂತ ನೀವು ಅನ್ನಬಹುದು. ಉಣ್ಣುತ್ತೇನೆ. ಆದರೆ ನನಗಿಂತ ಮೊದಲು ಉಂಡವರು ಬೇರೆಯವರು. ಟೀಚರನ್ನು ನೋಡಲು ಇನ್ನೂ ಹೋಗಿಲ್ಲ. ಧೈರ್ಯ ಬಂದಿಲ್ಲ, ನಿಜ ಹೇಳುತ್ತೇನೆ.

ಏನು ಕೇಳಿದಿರಿ? ಗೊತ್ತಿದ್ದು ಮಾಡಿದ್ದಾ, ಗೊತ್ತಿಲ್ಲದೆ ಮಾಡಿದ್ದಾ ಅಂತಲೇ?

ಆ ಸಾಲು ಬರೆದದ್ದು ಗೊತ್ತಿಲ್ಲದೆ ಸಾರ್. ನಿನ್ನೆ ಬಾಯಿ ಮುಚ್ಚಿಕೊಂಡದ್ದು ಗೊತ್ತಿದ್ದೇ.

ಎರಡಕ್ಕೂ ಬೇರೆ ಬೇರೆ ಹಾಳೆ ತಗೊಳ್ಳಿ... ಎರಡನೆಯದಕ್ಕೆ ಸ್ವಲ್ಪ ದೊಡ್ಡದೇ ಇರಲಿ.