ಎರಡು ಹಲಗೆ ಕಿತ್ತ ಗೋಡೆ

ಅಡ್ಡಗೋಡೆಯ ಎರಡು ಹಲಗೆಗಳು ನೆಲದ ಮೇಲೆ ಬಿದ್ದಿದ್ದವು. ಆ ಸಂದಿಯಲ್ಲಿ ಒಬ್ಬರು ಓರೆಯಾಗಿ ನುಸುಳಬಹುದಿತ್ತು. ಆಚೆ ಅಣ್ಣನ ಕೋಣೆಯಲ್ಲಿ ಬೀರು ತೆರೆದಿತ್ತು. ಅವನ ಹೆಂಡತಿಯ ಚಿನ್ನದ ಸರ ಇರಲಿಲ್ಲ.

ಮನೆ ಒಂದೇ. ಅಪ್ಪ ತೀರಿಕೊಂಡ ಮೇಲೆ ನಮ್ಮ ಬೀದಿಯ ಆ ಅಣ್ಣತಮ್ಮಂದಿರು ಮಾತು ಬಿಟ್ಟು, ನಡುಮನೆಗೆ ಹಲಗೆ ಹೊಡೆಸಿ ಎರಡು ಮಾಡಿಕೊಂಡಿದ್ದರು. ಆಚೆ ಬಸ್ ಡಿಪೋದ ಗುಮಾಸ್ತನಾದ ಅಣ್ಣ. ಈಚೆ ತಮ್ಮನ ಹೆಂಡತಿ, ಶಿಶುವಿಹಾರದ ಟೀಚರು. ತಮ್ಮ ಹಡಗಿನ ಕೆಲಸಕ್ಕೆ ಹೋಗಿ ತಿಂಗಳುಗಳಾಗಿದ್ದವು. ಅಣ್ಣನ ಹೆಂಡತಿ ಮಕ್ಕಳೊಂದಿಗೆ ತವರಿಗೆ ಹೋದವಳು ಅಂದು ಸಂಜೆ ಬರುವವಳಿದ್ದಳು.

ನನ್ನ ಚಿಕ್ಕಪ್ಪನನ್ನು ಆ ಅಣ್ಣ ಕರೆಸಿದ್ದು ಪತ್ತೆ ಮಾಡಲು ಅಲ್ಲ, ದೂರು ಬರೆದುಕೊಡಲು. ಪೊಲೀಸ್ ಕೆಲಸದಿಂದ ನಿವೃತ್ತರಾದವರಿಗೆ ಬೀದಿಯವರು ಉಳಿಸಿರುವ ಕೆಲಸ ಅದೊಂದೇ. ಅವರಿಗೆ ಮಂಡಿ ನೋವು. ಆಸರೆಗೆಂದು ನಾನು ಹೋಗಿದ್ದೆ.

“ಮೊಳೆಯ ತಲೆ ಅವಳ ಕಡೆಗಿದೆ. ಕೀಳೋದಾದ್ರೆ ಅಲ್ಲಿಂದಲೇ ಕೀಳ್ಬೇಕು. ಸುತ್ತಿಗೆ ಸಿಕ್ಕಿದ್ದೂ ಅಲ್ಲೇ,” ಎಂದ ಅಣ್ಣ. “ಇನ್ನೇನು ನೋಡೋದಿದೆ ಸರ್?”

ಚಿಕ್ಕಪ್ಪ ಈಚೆ, ಟೀಚರ ಕಡೆಗೆ ಬಂದರು. ಕಿತ್ತ ಮೊಳೆಗಳು ಕಿಟಕಿಯ ದಂಡೆಯ ಮೇಲೆ ಸಾಲಾಗಿ ಮಲಗಿದ್ದವು. ನಾನೂ ನೋಡಿದೆ, ಏನೂ ಅನಿಸಲಿಲ್ಲ.

ಟೀಚರು ತಾನು ಶಾಲೆಯಿಂದ ಬರುವಾಗಲೇ ಹೀಗಿತ್ತು ಎಂದಳು. ಬೀಗ? ಹಾಕಿದಂತೆಯೇ ಇತ್ತು. ಇನ್ನೊಂದು ಕೀಲಿ? ಈ ಕಡೆಯ ಹಿತ್ತಿಲ ಬಾಗಿಲದು, ಹಿಂದಿನಿಂದಲೂ ಭಾವನ ಹತ್ತಿರ. ಕೇಳಿದ್ದಕ್ಕಷ್ಟೇ ಹೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ,

“ದೂರಲ್ಲಿ ನನ್ನ ಹೆಸರು ಬಂದ್ರೆ ನಾಳೆಯಿಂದ ಮಕ್ಕಳನ್ನ ನನ್ನ ಹತ್ರ ಯಾರು ಬಿಡ್ತಾರೆ ಸರ್?”

ಚಿಕ್ಕಪ್ಪ ಸುತ್ತಿಗೆ ಎತ್ತಿಕೊಂಡರು. ಮೂರನೆಯ ಹಲಗೆಯ ಮೊಳೆಯನ್ನು ಅದರ ಹಿಂದಲೆಯ ಸೀಳಿಗೆ ಸಿಕ್ಕಿಸಿ, ಅಡಿಗೊಂದು ಮರದ ತುಂಡು ಕೊಟ್ಟು ಹಿಡಿಯನ್ನು ಒತ್ತಿದರು. ಕಿರ್ರ್ — ಮೊಳೆ ಬಿಲ್ಲಿನಂತೆ ಬಾಗಿ ಬಂತು. ಇನ್ನೊಂದು ಕಿತ್ತರು. ಅದೂ ಹಾಗೆಯೇ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದೆ.

ಬಾಗಿದ ಮೊಳೆಗಳಲ್ಲಿ ಒಂದನ್ನು ಟೀಚರ ಕೈಗೆ ಕೊಟ್ಟರು. ಯಾರಾದರೂ ತುಳಿದಾರು ಎನ್ನುವಂತೆ ಅತ್ತಿತ್ತ ನೋಡಿ, ಅವಳು ಅದನ್ನು ಕಸದ ಬುಟ್ಟಿಗೆ ಹಾಕಿದಳು. ಇನ್ನೊಂದನ್ನು ಸುತ್ತಿಗೆಯ ಸಮೇತ, ನಮ್ಮ ಹಿಂದೆಯೇ ಬಂದಿದ್ದ ಅಣ್ಣನಿಗೆ ಕೊಟ್ಟು, “ಸ್ವಲ್ಪ ಹಿಡ್ಕೊಳ್ಳಿ, ಮಂಡಿ ಹಿಡ್ಕೊಂಡಿದೆ,” ಎಂದು ಕುರ್ಚಿಗೆ ಒರಗಿದರು.

ಬಳಿಕ ಬೇಸರ ತರಿಸುವ ಪ್ರಶ್ನೆಗಳು. ಡಿಪೋಗೆ ಎಷ್ಟೊತ್ತಿಗೆ ಹೋದಿರಿ? ಊಟಕ್ಕೆ ಬಂದಿರಾ? ಸರಕ್ಕೆ ಪದಕ ಇತ್ತೇ? ಅಣ್ಣ ಹೊಸ್ತಿಲ ಕಲ್ಲಿನ ಬಳಿ ಕುಕ್ಕರಗಾಲಲ್ಲಿ ಕೂತು ಉತ್ತರಿಸುತ್ತಿದ್ದ. ಟಕ್. ಟಕ್. ಮೊಳೆಯನ್ನು ಬೆರಳಲ್ಲಿ ಉರುಳಿಸಿ ನೋಡಿದ. ಮತ್ತೆ ಟಕ್.

“ಯಾರು ಕಲಿಸಿದ್ದು?” ಚಿಕ್ಕಪ್ಪ ಕೇಳಿದರು.

“ಅಪ್ಪ. ಕಿತ್ತ ಮೊಳೆ ನೆಟ್ಟಗೆ ಮಾಡ್ದೆ ನಮ್ಮಿಬ್ಬರನ್ನೂ ಏಳೋಕೆ ಬಿಡ್ತಾನೇ ಇರ್ಲಿಲ್ಲ—”

ಮಾತು ಅಲ್ಲಿಗೇ ನಿಂತಿತು. ಅವನ ಕೈಯೂ.

“ಕದಿಯೋಕೆ ಬಂದವರು ಮೊಳೆ ಬಿದ್ದಲ್ಲೇ ಬಿಟ್ಟು ಹೋಗ್ತಾರೆ,” ಎಂದರು ಚಿಕ್ಕಪ್ಪ, ಸುಸ್ತಾದ ದನಿಯಲ್ಲಿ. “ಆ ಕಿಟಕಿ ಹತ್ರ ಇರೋವನ್ನ ನೋಡಿ. ಒಂದೂ ಬಾಗಿಲ್ಲ, ಮೈ ತುಂಬ ಸುತ್ತಿಗೆ ಏಟು. ಯಾರೋ ಕೂತು ಒಂದೊಂದಾಗಿ ನೆಟ್ಟಗೆ ಮಾಡಿದ್ದಾರೆ. ಆ ಅಭ್ಯಾಸ ಈ ಮನೇಲಿ ಇಬ್ಬರಿಗೆ. ಒಬ್ಬ ಹಡಗಲ್ಲಿದ್ದಾನೆ. ಹಿತ್ತಿಲ ಕೀಲಿ ನಿಮ್ಮ ಹತ್ರ. ಸರ ಎಲ್ಲಿದೆ?”

ಅಣ್ಣ ಸುತ್ತಿಗೆ ಕೆಳಗಿಟ್ಟ. ಆಚೆ ಹೋಗಿ ಊಟದ ಡಬ್ಬಿ ತಂದು ಮುಚ್ಚಳ ತೆಗೆದ. ಸರ ಅದರಲ್ಲಿತ್ತು.

“ಮಕ್ಕಳು ದೊಡ್ಡವರಾದ್ರು ಸರ್. ಇನ್ನೊಂದು ಕೋಣೆ ಬೇಕಾಗಿತ್ತು. ತಮ್ಮನ ಹತ್ರ ಜಗಳ ಆಡಿ ಆಡಿ ಸಾಕಾಗಿದೆ. ಅವಮಾನ ಆದ್ರೆ ಅವರೇ ಬಿಟ್ಟು ಹೋಗ್ತಾರೆ ಅಂದ್ಕೊಂಡೆ.”

ದೂರು ಕೊಡುವುದಿದ್ದರೆ ಈಗ ಅವಳೇ ಕೊಡಬಹುದು ಎಂದು ಚಿಕ್ಕಪ್ಪ ಟೀಚರಿಗೆ ಹೇಳಿದರು. ಅವಳು ಬೇಡವೆಂದು ತಲೆಯಾಡಿಸಿದಳು.

“ಕೋಣೆ ಬೇಕು ಅಂತ ನನ್ನನ್ನ ಒಂದು ಸಲ ಕೇಳಬಹುದಿತ್ತು ಭಾವ. ಇರಲಿ. ಅಕ್ಕ ಸಂಜೆ ಬರ್ತಾರೆ. ಕದ್ದಿದ್ದು ಇವಳಲ್ಲ, ನಾನು ಅಂತ ನಿಮ್ಮ ಬಾಯಿಂದಲೇ ಹೇಳಿ. ಆಮೇಲೆ ಬೀದಿಯವರಿಗೂ.”

ಚಿಕ್ಕಪ್ಪ ಎದ್ದ ಮೇಲೆ ಕುರ್ಚಿಯನ್ನು ಎಳೆದು ತಂದು, ಅಕ್ಕ ಬರುವವರೆಗೂ ಕಾಯುವವಳಂತೆ ಹಲಗೆಗಳ ಸಂದಿಯಲ್ಲಿ, ಅವನ ಕೋಣೆಗೆ ಮುಖ ಮಾಡಿ ಕೂತಳು. ನಾವು ಹೊರಟಾಗಲೂ ಅವಳು ಏಳಲಿಲ್ಲ.